ಪಾಕವೂ ಶೇಷವೂ: ಅಗ್ನಿಶಿಲೆಯಿಂದ ಮ್ಯಾಂಟಲಿನ ಸ್ವರೂಪನಿರ್ಣಯ

ವಿಷಯ ಮತ್ತು ಸಂಶಯ

ಭೂಮಿಯ ಒಟ್ಟು ಗಾತ್ರದಲ್ಲಿ ಸುಮಾರು ಶೇಕಡಾ 84ರಷ್ಟನ್ನು ವ್ಯಾಪಿಸಿರುವುದು ಮ್ಯಾಂಟಲ್. ಮೇಲೆ ಭೂಕವಚ, ಕೆಳಗೆ ಲೋಹಮಯವಾದ ಕೇಂದ್ರಗೋಳ. ಇವೆರಡರ ನಡುವೆ ಸುಮಾರು 2,890 ಕಿ.ಮೀ. ಆಳದವರೆಗೆ ಅದರ ವಿಸ್ತಾರ. ಅದರ ಊರ್ಧ್ವಸೀಮೆಯನ್ನು ಕ್ರೊಯೇಷಿಯಾದ ಆಂದ್ರಿಯಾ ಮೊಹೊರೊವಿಚಿಚ್ ಅವರು 1909ರ ಭೂಕಂಪವೊಂದರ ತರಂಗಗಳನ್ನು ಪರಿಶೀಲಿಸಿ ಗುರುತಿಸಿದರು. ಆ ಸೀಮೆಯನ್ನು ದಾಟಿದೊಡನೆ ನೀಳತರಂಗಗಳ ವೇಗವು ಸೆಕೆಂಡಿಗೆ 7 ಕಿ.ಮೀ.ಗಳ ಆಸುಪಾಸಿನಿಂದ ಸುಮಾರು 8 ಕಿ.ಮೀ.ಗಳಿಗೆ ಏರುತ್ತದೆ. ಸಮುದ್ರತಳದಿಂದ ಈ ಸೀಮೆಗೆ 6ರಿಂದ 7 ಕಿ.ಮೀ., ಖಂಡಗಳ ಮೇಲ್ಮೈಯಿಂದ ಸಾಮಾನ್ಯವಾಗಿ 35ರಿಂದ 40 ಕಿ.ಮೀ., ಟಿಬೆಟ್ ಪ್ರಸ್ಥಭೂಮಿಯ ಕೆಳಗೆ ಸುಮಾರು 70 ಕಿ.ಮೀ. ದೂರ. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆದ ರಂಧ್ರವು 12,262 ಮೀಟರ್ ಆಳಕ್ಕೆ ಇಳಿದೂ ಖಂಡಕವಚದೊಳಗೇ ನಿಂತಿತು.

ಇಂದ್ರಿಯಗೋಚರವಲ್ಲದ ಈ ಪದಾರ್ಥದ ಸಂಘಟನೆಯನ್ನು ಯಾವ ಪ್ರಮಾಣದಿಂದ ತಿಳಿಯಬೇಕು ಎಂಬುದು ಪ್ರಶ್ನೆ. ಆಳದಿಂದ ಮೇಲಕ್ಕೆ ಬರುವುದು ಶಿಲಾಪಾಕ. ಅದು ತಣಿದಾಗ ಆಗುವುದು ಅಗ್ನಿಶಿಲೆ. ಆದ್ದರಿಂದ ಅಗ್ನಿಶಿಲೆಯು ಮ್ಯಾಂಟಲಿನ ಕಾರ್ಯ, ಮ್ಯಾಂಟಲ್ ಅದರ ಕಾರಣ. ಕಾರ್ಯದಿಂದ ಕಾರಣವನ್ನು ಊಹಿಸುವುದು ಶೇಷವತ್ ಎಂಬ ಅನುಮಾನ. ಇಲ್ಲಿ ಸಂಶಯವಿಷ್ಟು: ಕಾರ್ಯವು ಕಾರಣದ ಪ್ರತಿರೂಪವೇ, ಅಥವಾ ಅದರ ಏಕದೇಶ ಮಾತ್ರವೇ? ಪ್ರತಿರೂಪವಾದರೆ ಮ್ಯಾಂಟಲ್ ಬಸಾಲ್ಟ್‌ಮಯ. ಏಕದೇಶವಾದರೆ ಪಾಕವನ್ನು ಕೊಟ್ಟ ಬಳಿಕ ಉಳಿದ ಶೇಷವನ್ನೂ ಕೂಡಿಸಿದ ಹೊರತು ಮೂಲದ ಜ್ಞಾನ ಪೂರ್ಣವಾಗದು. ಎರಡನೆಯದೇ ಸಿದ್ಧಾಂತವೆಂದು ಮುಂದೆ ಸ್ಥಾಪಿಸಲಾಗುವುದು.

ಲಕ್ಷಣ ಮತ್ತು ಪದಕೃತ್ಯ

ಶಿಲಾದ್ರವವು ತಣಿದು ಘನೀಭವಿಸುವುದರಿಂದ ಉತ್ಪನ್ನವಾದ ಶಿಲೆ ಅಗ್ನಿಶಿಲೆ. ಈ ಲಕ್ಷಣದಲ್ಲಿ ಪ್ರತಿಯೊಂದು ಪದಕ್ಕೂ ಪ್ರಯೋಜನವಿದೆ. ‘ಶಿಲಾದ್ರವ’ ಎನ್ನದೆ ಬರಿಯ ‘ದ್ರವ’ ಎಂದಿದ್ದರೆ ಕೆರೆಯ ನೀರು ಹೆಪ್ಪುಗಟ್ಟಿದ ಹಿಮಕ್ಕೂ ಲಕ್ಷಣ ಸಲ್ಲುತ್ತಿತ್ತು, ಅದು ಅತಿವ್ಯಾಪ್ತಿ. ‘ತಣಿದು’ ಎನ್ನದಿದ್ದರೆ ನೀರು ಆವಿಯಾಗಿ ತಳದಲ್ಲಿ ನಿಂತ ಉಪ್ಪು, ಜಿಪ್ಸಮ್‌ಗಳೂ ಒಳಗೆ ಬರುತ್ತಿದ್ದವು. ಅವು ದ್ರಾವಣದಿಂದ ಬೇರ್ಪಟ್ಟವೇ ಹೊರತು ಪಾಕದಿಂದ ಹೆಪ್ಪುಗಟ್ಟಿದವಲ್ಲ. ‘ಘನೀಭವಿಸಿ’ ಎಂಬ ಸ್ಥಾನದಲ್ಲಿ ‘ಸ್ಫಟಿಕೀಭವಿಸಿ’ ಎಂದಿದ್ದರೆ, ಸ್ಫಟಿಕಗಳಿಲ್ಲದೆ ಗಾಜಾಗಿ ನಿಂತ ಅಬ್ಸಿಡಿಯನ್ ಹೊರಗುಳಿದು ಅವ್ಯಾಪ್ತಿ ಬರುತ್ತಿತ್ತು. ದ್ರವವು ಸಿಲಿಕೇಟ್ ಆಗಿರಲೇಬೇಕೆಂಬ ನಿಯಮವನ್ನೂ ಬೇಕೆಂದೇ ಬಿಡಲಾಗಿದೆ. ಏಕೆಂದರೆ ಟಾಂಜಾನಿಯದ ಓಲ್ಡೊಯ್ನಿಯೊ ಲೆಂಗಾಯ್ ಜ್ವಾಲಾಮುಖಿಯಿಂದ ಹರಿಯುವುದು ಕಾರ್ಬೊನೇಟ್ ಲಾವಾ, ಅದೂ ಅಗ್ನಿಶಿಲೆಯೇ ಆಗುತ್ತದೆ.

ಉಷ್ಣಸಂಬಂಧವೇ ಲಕ್ಷಣವಾಗಲಿ ಎನ್ನಲಾಗದು. ರೂಪಾಂತರ ಶಿಲೆಗೂ ಉಷ್ಣವು ನಿಮಿತ್ತ. ಬೆಂಗಳೂರಿನ ಲಾಲ್‌ಬಾಗಿನ ನೈಸ್ ಬಂಡೆಯ ಪೂರ್ವಜ ಅಗ್ನಿಶಿಲೆ. ಆದರೆ ಅದರ ಈಗಿನ ಪಟ್ಟಿಪಟ್ಟಿಯಾದ ರಚನೆ ಬಂದದ್ದು ಆಳದ ಶಾಖ ಮತ್ತು ಒತ್ತಡಗಳಲ್ಲಿ ಬಹುಮಟ್ಟಿಗೆ ಘನಸ್ಥಿತಿಯಲ್ಲಿಯೇ ಆದ ಪುನಃಸ್ಫಟಿಕೀಕರಣದಿಂದ. ಆದ್ದರಿಂದ ಅದು ರೂಪಾಂತರ ವರ್ಗಕ್ಕೆ ಸೇರುತ್ತದೆ. ಜ್ವಾಲಾಮುಖಿಯ ಬೂದಿ ಗಾಳಿಯಲ್ಲಿ ಹಾರಿ ಪದರಪದರವಾಗಿ ಶೇಖರವಾದ ಟಫ್ ಶಿಲೆಯಾದರೋ ದ್ರವ್ಯದಿಂದ ಅಗ್ನಿಜ, ನಿಕ್ಷೇಪಕ್ರಮದಿಂದ ಕಣಶಿಲೆ. ಅಲ್ಲಿ ಅಂತರರಾಷ್ಟ್ರೀಯ ವ್ಯವಸ್ಥೆಯು ಪರಿಮಾಣದ ನಿಯಮವನ್ನು ಮಾಡಿದೆ: ಜ್ವಾಲಾಮುಖಿಯ ತುಣುಕುಗಳು ಶೇಕಡಾ 75ಕ್ಕಿಂತ ಹೆಚ್ಚಿದ್ದರೆ ಅಗ್ನಿಶಿಲೆಗಳೊಡನೆ ಗಣನೆ, 25ರಿಂದ 75ರವರೆಗೆ ಮಿಶ್ರವರ್ಗ.

ಇಲ್ಲಿ ವರ್ನರ್ ಮತಾನುಯಾಯಿಗಳ ಆಕ್ಷೇಪ: ‘ಲಕ್ಷಣವೇ ಅಸಂಭವ, ಗ್ರಾನೈಟ್, ಬಸಾಲ್ಟ್‌ಗಳು ಆದಿಸಮುದ್ರದಲ್ಲಿ ತಳಗೂಡಿದ ನಿಕ್ಷೇಪಗಳೇ.’ ಸಮಾಧಾನ: 1785ರಲ್ಲಿ ಜೇಮ್ಸ್ ಹಟನ್ ಅವರು ಸ್ಕಾಟ್‌ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಗ್ರಾನೈಟಿನ ಎಳೆಗಳು ಸುತ್ತಲಿನ ಪದರಶಿಲೆಯನ್ನು ಸೀಳಿ ಒಳಹೊಕ್ಕಿರುವುದನ್ನು ಕಂಡರು. ಸೀಳಿ ಹೊಕ್ಕದ್ದು ಸೀಳಲ್ಪಟ್ಟದ್ದಕ್ಕಿಂತ ಅರ್ವಾಚೀನ. ಸಂದಿಗಳಲ್ಲಿ ಹರಿದು ತುಂಬಿದ್ದು ಹೊಗುವಾಗ ದ್ರವ. ತಳಗೂಡಿದ ನಿಕ್ಷೇಪದಲ್ಲಿ ಈ ಎರಡು ಧರ್ಮಗಳೂ ಕೂಡಿರಲಾರವು. ಕರಗಿದ ಕಲ್ಲು ಗಾಜೇ ಆಗಬೇಕಲ್ಲವೆ ಎಂಬ ಉಳಿದ ಶಂಕೆಯನ್ನು ಜೇಮ್ಸ್ ಹಾಲ್ ಅವರ ಕುಲುಮೆ ಪರಿಹರಿಸಿತು: ಕರಗಿಸಿದ ಬಸಾಲ್ಟನ್ನು ನಿಧಾನವಾಗಿ ತಣಿಸಿದಾಗ ಅದು ಮತ್ತೆ ಸ್ಫಟಿಕಯುಕ್ತ ಶಿಲೆಯೇ ಆಯಿತು.

ವಿಭಾಗ

ಅಗ್ನಿಶಿಲೆಗಳ ವಿಭಾಗಕ್ಕೆ ನಾಲ್ಕು ನಿಮಿತ್ತಗಳಿವೆ. ಅವುಗಳ ಸಾಂಕರ್ಯದಿಂದಲೇ ಬಹುಪಾಲು ಭ್ರಾಂತಿಗಳು ಹುಟ್ಟುತ್ತವೆ.

ಮೊದಲನೆಯದು ಸ್ಥಾನ. ಆಳದಲ್ಲಿ ನಿಧಾನವಾಗಿ ತಣಿದು ದಪ್ಪ ಹರಳುಗಳನ್ನು ಪಡೆದದ್ದು ಅಂತಸ್ಸರಣ ಶಿಲೆ. ಮೇಲ್ಮೈಯಲ್ಲಿ ಬೇಗ ತಣಿದು ಸೂಕ್ಷ್ಮಕಣಯುಕ್ತವಾದದ್ದು ಬಹಿಸ್ಸರಣ ಶಿಲೆ. ಎರಡನೆಯದು ರಸಾಯನ. ಸಿಲಿಕದ ತೂಕ ಶೇಕಡಾ 45ಕ್ಕಿಂತ ಕಡಿಮೆಯಾದರೆ ಅತಿಕ್ಷಾರೀಯ, 45ರಿಂದ 52 ಕ್ಷಾರೀಯ, 52ರಿಂದ 63 ಮಧ್ಯಮ, 63ಕ್ಕಿಂತ ಹೆಚ್ಚಾದರೆ ಆಮ್ಲೀಯ. ಮೂರನೆಯದು ಖನಿಜಗಳ ಅನುಪಾತ. ಆಲಿವೀನ್, ಪೈರಾಕ್ಸೀನ್ ಮೊದಲಾದ ಕಬ್ಬಿಣ–ಮೆಗ್ನೀಸಿಯಂ ಖನಿಜಗಳು ಶೇಕಡಾ 90ಕ್ಕೆ ಮೀರಿದರೆ ಅದು ಅತಿಮಾಫಿಕ್ ಶಿಲೆ. ಅದರೊಳಗೆ ಆಲಿವೀನ್ ಶೇಕಡಾ 40ಕ್ಕಿಂತ ಹೆಚ್ಚಿದ್ದರೆ ಪೆರಿಡೊಟೈಟ್, 90ಕ್ಕಿಂತ ಹೆಚ್ಚಿದ್ದರೆ ಡ್ಯೂನೈಟ್. ಪೆರಿಡೊಟೈಟಿನಲ್ಲಿ ಎರಡು ಬಗೆಯ ಪೈರಾಕ್ಸೀನ್‌ಗಳೂ ಗಣನೀಯವಾಗಿದ್ದರೆ ಲರ್ಜೊಲೈಟ್, ಕ್ಯಾಲ್ಸಿಯಂಯುಕ್ತ ಪೈರಾಕ್ಸೀನ್ ನಾಮಮಾತ್ರವಾಗಿದ್ದರೆ ಹಾರ್ಜ್‌ಬರ್ಗೈಟ್.

ಒಂದು ನಿಮಿತ್ತದ ನಿರ್ಣಯವು ಇನ್ನೊಂದಕ್ಕೆ ಸಾಧಕವಲ್ಲ. ಅತಿಮಾಫಿಕ್ ಆದದ್ದೆಲ್ಲ ಅತಿಕ್ಷಾರೀಯವಲ್ಲ. ಪೈರಾಕ್ಸಿನೈಟ್ ಶಿಲೆಯು ಖನಿಜದಿಂದ ಅತಿಮಾಫಿಕ್ ಆಗಿದ್ದೂ ಸಿಲಿಕದಲ್ಲಿ ಶೇಕಡಾ 50ನ್ನು ಮುಟ್ಟಬಲ್ಲದು. ಮಲ್ಪೆಯ ಆಚೆಯ ಸೇಂಟ್ ಮೇರೀಸ್ ದ್ವೀಪದ ಷಟ್ಕೋನ ಕಂಬಗಳನ್ನು ಕಂಡವರು ಅವನ್ನು ಬಸಾಲ್ಟ್ ಎನ್ನುವುದುಂಟು. ಕಂಬದ ಆಕಾರವು ತಣಿಯುವಾಗಿನ ಸಂಕೋಚದ ಫಲ, ರಸಾಯನದ ಚಿಹ್ನೆಯಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರ್ಪಡುತ್ತಿದ್ದಾಗ ಹೊಮ್ಮಿದ ಆ ಶಿಲೆ ಆಮ್ಲೀಯವಾದ ರಯೊಲೈಟ್ ಜಾತಿಯದು.

ನಾಲ್ಕನೆಯ ನಿಮಿತ್ತವೇ ಪ್ರಕೃತಕ್ಕೆ ಮುಖ್ಯ: ಶಿಲೆಗೆ ಪಾಕದೊಡನೆ ಇರುವ ಸಂಬಂಧ. ಇದರಿಂದ ತ್ರಿವಿಧ. ಪಾಕವೇ ಹೆಪ್ಪುಗಟ್ಟಿದ್ದು ಪಾಕಜ. ಉತ್ತರ ಕರ್ನಾಟಕದಲ್ಲಿ ಹಾಸಿರುವ, ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಬಸಾಲ್ಟ್ ಇದಕ್ಕೆ ಉದಾಹರಣೆ. ಪಾಕದಿಂದ ಮೊದಲು ಮೂಡಿದ ಹರಳುಗಳು ಒಂದೆಡೆ ಕೂಡಿದ್ದು ಸಂಚಿತ; ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದ ಕ್ರೋಮೈಟ್ ಅದಿರು ಈ ವರ್ಗದ್ದು. ಪಾಕವನ್ನು ಹೊರಬಿಟ್ಟು ತಾನು ಘನವಾಗಿಯೇ ಉಳಿದದ್ದು ಶೇಷ. ಓಮಾನಿನ ಪರ್ವತಗಳ ಹಾರ್ಜ್‌ಬರ್ಗೈಟ್ ಅಂಥದು.

ಇಲ್ಲಿ ಆಕ್ಷೇಪ: ‘ಶೇಷಶಿಲೆ ಪಾಕದಿಂದ ಹೆಪ್ಪುಗಟ್ಟಿದ್ದಲ್ಲ, ಹಾಗಾದರೆ ಅಗ್ನಿಶಿಲೆಗಳ ಕೋಷ್ಟಕದಲ್ಲಿ ಪೆರಿಡೊಟೈಟಿಗೆ ಸ್ಥಾನವೇಕೆ?’ ಸಮಾಧಾನ: ಪೆರಿಡೊಟೈಟ್ ಎಂಬುದು ಖನಿಜಾನುಪಾತದ ಹೆಸರು, ಉತ್ಪತ್ತಿಯ ಹೆಸರಲ್ಲ. ಸಂಚಿತವಾದ ಪೆರಿಡೊಟೈಟೂ ಉಂಟು, ಶೇಷವಾದ ಪೆರಿಡೊಟೈಟೂ ಉಂಟು. ಮುಖ್ಯಾರ್ಥದಲ್ಲಿ ಅಗ್ನಿಶಿಲೆಯಾಗುವುದು ಪಾಕಜ ಮತ್ತು ಸಂಚಿತ. ಶೇಷಕ್ಕೆ ಆ ವ್ಯವಹಾರ ಗೌಣ. ಈ ಭೇದವನ್ನು ಮರೆತವರು ಮ್ಯಾಂಟಲನ್ನು ಒಮ್ಮೆ ಕರಗಿ ಹೆಪ್ಪುಗಟ್ಟಿದ ಬಂಡೆಯೆಂದೇ ತಿಳಿಯುತ್ತಾರೆ.

ಮೊದಲನೆಯ ಪೂರ್ವಪಕ್ಷ: ಮ್ಯಾಂಟಲ್ ದ್ರವ

‘ಲಾವಾ ದ್ರವವಾಗಿಯೇ ಮೇಲೇಳುತ್ತದೆ, ಆದ್ದರಿಂದ ಕೆಳಗಿರುವುದೆಲ್ಲ ದ್ರವ’ ಎಂಬುದು ಲೋಕಪ್ರಸಿದ್ಧವಾದ ಪಕ್ಷ. ಇದು ಬಾಧಿತ. ಭೂಕಂಪದ ಅಡ್ಡತರಂಗಗಳಿಗೆ ಆಕಾರವಿಕೃತಿಯನ್ನು ಪ್ರತಿರೋಧಿಸುವ ಮಾಧ್ಯಮ ಬೇಕು. ದ್ರವಕ್ಕೆ ಆ ಸಾಮರ್ಥ್ಯವಿಲ್ಲ. ಅವು ಮ್ಯಾಂಟಲಿನ ಉದ್ದಗಲಕ್ಕೂ ಸಂಚರಿಸಿ, ಹೊರ ಕೇಂದ್ರಗೋಳದ ಅಂಚಿನಲ್ಲಿ ಮಾತ್ರ ಅಡಗುತ್ತವೆ. ಆದ್ದರಿಂದ ಮ್ಯಾಂಟಲ್ ಘನ; ಅಲ್ಲಲ್ಲಿನ ಅಲ್ಪದ್ರವವು ಅದಕ್ಕೆ ಅಪವಾದ.

‘ಘನವಾದರೆ ಹರಿಯಲಾರದು, ಹರಿಯದಿದ್ದರೆ ಭೂಫಲಕಗಳ ಚಲನೆ ಇಲ್ಲ’ ಎಂಬುದು ಮರುಪ್ರಶ್ನೆ. ಘನತ್ವವೂ ಪ್ರವಾಹವೂ ಒಂದೇ ಕಾಲಮಾನದಲ್ಲಿ ವಿರುದ್ಧ. ಭಿನ್ನ ಕಾಲಮಾನಗಳಲ್ಲಿ ವಿರುದ್ಧವಲ್ಲ. ಹಿಮಯುಗದ ಭಾರ ಇಳಿದ ಬಳಿಕ ಸ್ಕ್ಯಾಂಡಿನೇವಿಯ ಮೆಲ್ಲಗೆ ಮೇಲೇಳುತ್ತಿರುವ ವೇಗದಿಂದ ನಾರ್ಮನ್ ಹ್ಯಾಸ್ಕೆಲ್ 1935ರಲ್ಲಿ ಮ್ಯಾಂಟಲಿನ ಸ್ನಿಗ್ಧತೆಯನ್ನು ಗಣಿಸಿದರು. ಸೆಕೆಂಡುಗಳ ಕಂಪನಕ್ಕೆ ಘನವಾದದ್ದು ಸಹಸ್ರಾರು ವರ್ಷಗಳ ಭಾರಕ್ಕೆ ಹರಿಯುತ್ತದೆ.

ಘನದಿಂದ ಪಾಕ ಹುಟ್ಟುವುದಕ್ಕೆ ಮೂರು ನಿಮಿತ್ತಗಳು. ಒತ್ತಡದ ಇಳಿಕೆ ಒಂದು: ಒತ್ತಡ ಕಡಿಮೆಯಾದಂತೆ ದ್ರವಣಾರಂಭದ ತಾಪವೂ ಇಳಿಯುವುದರಿಂದ, ಸಾಗರಮಧ್ಯದ ಪರ್ವತಶ್ರೇಣಿಗಳ ಕೆಳಗೆ ಮೇಲೇರುವ ಮ್ಯಾಂಟಲ್ ಹೊಸ ಶಾಖವನ್ನು ಪಡೆಯದೆಯೇ ಕರಗತೊಡಗುತ್ತದೆ. ಜಲದ ಸಂಯೋಗ ಎರಡನೆಯದು: ಕೆಳಗಿಳಿಯುವ ಸಾಗರಫಲಕವು ಬಿಡುವ ನೀರು ದ್ರವಣತಾಪವನ್ನು ತಗ್ಗಿಸುತ್ತದೆ, ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಇಂಥ ವಲಯದ್ದು. ಮೂರನೆಯದು ಹೆಚ್ಚು ಬಿಸಿಯಾದ ಮ್ಯಾಂಟಲಿನ ಉತ್ಥಾನ. ಹವಾಯಿ ದ್ವೀಪಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಮೂರರಲ್ಲಿಯೂ ದ್ರವಣ ಆಂಶಿಕ. ಈ ಆಂಶಿಕತ್ವವೇ ಮುಂದಿನ ವಿಚಾರದ ಕೀಲು.

ಎರಡನೆಯ ಪೂರ್ವಪಕ್ಷ: ಮ್ಯಾಂಟಲ್ ಎಕ್ಲೊಗೈಟ್

ಈ ಪಕ್ಷ ಬಲವಾದದ್ದು. ‘ಭೂಮಿಯಲ್ಲಿ ಹೇರಳವಾಗಿ ಹೊಮ್ಮುವ ಪಾಕ ಬಸಾಲ್ಟ್. ಅಧಿಕ ಒತ್ತಡದಲ್ಲಿ ಅದೇ ರಸಾಯನವು ಗಾರ್ನೆಟ್ ಮತ್ತು ಪೈರಾಕ್ಸೀನ್‌ಗಳ ಸಾಂದ್ರಶಿಲೆಯಾದ ಎಕ್ಲೊಗೈಟ್ ಆಗುತ್ತದೆ. ಆದ್ದರಿಂದ ಮ್ಯಾಂಟಲ್ ಎಂದರೆ ಒತ್ತಡದಿಂದ ರೂಪ ಬದಲಿಸಿದ ಬಸಾಲ್ಟ್. ಮೊಹೊರೊವಿಚಿಚ್ ಸೀಮೆ ಕೇವಲ ರೂಪಭೇದದ ರೇಖೆ.’ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೂಯಿಸ್ ಲೀ ಫರ್ಮರ್ ಅವರು 1913ರಲ್ಲಿಯೇ ಆಳದಲ್ಲಿ ಗಾರ್ನೆಟ್‌ಯುಕ್ತ ವಲಯವೊಂದನ್ನು ಕಲ್ಪಿಸಿ ಈ ವಿಚಾರಧಾರೆಗೆ ನಾಂದಿ ಹಾಡಿದ್ದರು. ಕಾರ್ಯಕಾರಣಗಳಿಗೆ ಏಕರಸಾಯನವನ್ನು ಹೇಳುವುದರಿಂದ ಇದರಲ್ಲಿ ಲಾಘವವಿದೆ.

ಒಂದು ಅಂಶವನ್ನು ಒಪ್ಪಲೇಬೇಕು. ನೀಳತರಂಗದ ವೇಗ ಸುಮಾರು 8 ಕಿ.ಮೀ. ಎಂಬ ಹೇತುವು ಎಕ್ಲೊಗೈಟಿಗೂ ಪೆರಿಡೊಟೈಟಿಗೂ ಸಮಾನ. ಆದ್ದರಿಂದ ಅದು ಅನೈಕಾಂತಿಕ. ನಿರ್ಣಯಕ್ಕೆ ಬೇರೆ ಹೇತುಗಳು ಬೇಕು. ಅವು ನಾಲ್ಕು.

ಒಂದು, ಸೀಮೆಯ ಸ್ಥಿತಿ. ಆಲ್ಫ್ರೆಡ್ ರಿಂಗ್‌ವುಡ್ ಮತ್ತು ಡೇವಿಡ್ ಗ್ರೀನ್ ಅವರು 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಬಸಾಲ್ಟ್ ರಸಾಯನವು ಎಕ್ಲೊಗೈಟ್ ಆಗಲು ಒತ್ತಡದ ವಿಶಾಲವಾದ ಅಂತರವೇ ಬೇಕೆಂದು ಕಂಡಿತು. ನಿಸರ್ಗದ ಸೀಮೆಯಾದರೋ ಬಹುಕಡೆ ತೀಕ್ಷ್ಣ. ಮೇಲಾಗಿ ಸಮುದ್ರತಳದ ಕೆಳಗೆ ಏಳು ಕಿ.ಮೀ. ಆಳದ ಒತ್ತಡ ಎಕ್ಲೊಗೈಟಿನ ಜನನಕ್ಕೆ ತೀರ ಸಾಲದು. ಎರಡು, ದಿಕ್ಕಿನ ಭೇದ. ಹ್ಯಾರಿ ಹೆಸ್ 1964ರಲ್ಲಿ ತೋರಿಸಿದಂತೆ ಸಾಗರದಡಿಯ ಮ್ಯಾಂಟಲಿನಲ್ಲಿ ತರಂಗವೇಗವು ದಿಕ್ಕನ್ನನುಸರಿಸಿ ವ್ಯತ್ಯಾಸವಾಗುತ್ತದೆ. ಒಂದೇ ದಿಕ್ಕಿಗೆ ಸಾಲುಗೊಂಡ ಆಲಿವೀನ್ ಹರಳುಗಳಿಗೆ ಈ ಧರ್ಮ ಸಹಜ. ಎಕ್ಲೊಗೈಟಿನಲ್ಲಿ ಇದು ಅತ್ಯಲ್ಪ. ಮೂರು, ಪ್ರತ್ಯಕ್ಷ. ಕಿಂಬರ್ಲೈಟ್ ಹಾಗೂ ಕ್ಷಾರಲೋಹಯುಕ್ತ ಬಸಾಲ್ಟ್‌ಗಳು ಆಳದಿಂದ ಎತ್ತಿ ತಂದ ಅನ್ಯಶಿಲಾಖಂಡಗಳಲ್ಲಿ ಬಹುಪಾಲು ಪೆರಿಡೊಟೈಟ್, ಎಕ್ಲೊಗೈಟ್ ಅಲ್ಪಸಂಖ್ಯಾತ. ಆಂಧ್ರದ ವಜ್ರಕರೂರಿನ ಕಿಂಬರ್ಲೈಟುಗಳಲ್ಲಿ ಎರಡೂ ದೊರೆತಿವೆ. ನಾಲ್ಕು, ಸಮತೋಲ. ಎಕ್ಲೊಗೈಟಿನಿಂದ ಬಸಾಲ್ಟ್ ರಸಾಯನವೇ ಬರಬೇಕಾದರೆ ಅದು ಪೂರ್ತಿಯಾಗಿ ಕರಗಬೇಕು. ಆದರೆ ಅಲ್ಪದ್ರವವು ಮೂಡಿದೊಡನೆಯೇ ಹರಳುಗಳ ಸಂದಿಯಿಂದ ಜಾರಿ ಮೇಲೇರುವುದರಿಂದ ಪೂರ್ಣದ್ರವಣಕ್ಕೆ ಅವಕಾಶವಿಲ್ಲ. ವಿಕಾರಗೊಳ್ಳದ ಬಸಾಲ್ಟ್ ಪಾಕದಲ್ಲಿ ಮೊದಲು ಮೂಡುವ ಆಲಿವೀನಿನಲ್ಲಿ ಮೆಗ್ನೀಸಿಯಂ–ಕಬ್ಬಿಣಗಳ ಅನುಪಾತವು ಸುಮಾರು 90ಕ್ಕೆ 10; ಪೆರಿಡೊಟೈಟ್ ಖಂಡಗಳ ಆಲಿವೀನಿನಲ್ಲಿಯೂ ಅದೇ. ಆಲಿವೀನೇ ಇಲ್ಲದ ಎಕ್ಲೊಗೈಟಿನಲ್ಲಿ ಈ ಸಂವಾದಕ್ಕೆ ಆಶ್ರಯವಿಲ್ಲ.

ಆದ್ದರಿಂದ ಎಕ್ಲೊಗೈಟ್ ಮ್ಯಾಂಟಲಿನಲ್ಲಿ ಇದೆ, ಆದರೆ ಮ್ಯಾಂಟಲ್ ಎಕ್ಲೊಗೈಟಲ್ಲ. ಕೆಳಗಿಳಿದ ಸಾಗರಕವಚವೇ ಅದರ ಒಂದು ಮೂಲ.

ಸಿದ್ಧಾಂತ

ಮೇಲಣ ಮ್ಯಾಂಟಲ್ ಪೆರಿಡೊಟೈಟ್. ಬಸಾಲ್ಟ್ ಅದರ ಆಂಶಿಕ ದ್ರವಣದ ಫಲ. ಹಾರ್ಜ್‌ಬರ್ಗೈಟ್, ಡ್ಯೂನೈಟ್‌ಗಳು ಬಹುಮಟ್ಟಿಗೆ ಅದರ ಶೇಷ. ದೃಷ್ಟಾಂತ, ಗಾಣದ ಕಬ್ಬು: ರಸವೂ ಕಬ್ಬಲ್ಲ, ಸಿಪ್ಪೆಯೂ ಕಬ್ಬಲ್ಲ, ಎರಡನ್ನೂ ಕೂಡಿಸಿದ್ದು ಕಬ್ಬು. ದೃಷ್ಟಾಂತಕ್ಕೂ ಮಿತಿಯುಂಟು. ಗಾಣದಲ್ಲಿ ರಸ ಬರುವುದು ಒತ್ತುವುದರಿಂದ. ಸಾಗರಮಧ್ಯದ ಮ್ಯಾಂಟಲಿನಲ್ಲಿ ಒತ್ತಡವನ್ನು ಸಡಿಲಿಸುವುದರಿಂದ.

ಈ ನ್ಯಾಯವನ್ನೇ ಗಣಿತವಾಗಿಸಿ ರಿಂಗ್‌ವುಡ್ 1962ರಲ್ಲಿ ಪೈರೊಲೈಟ್ ಎಂಬ ಕಲ್ಪಿತ ಶಿಲೆಯನ್ನು ನಿರೂಪಿಸಿದರು: ಬಸಾಲ್ಟ್ ಒಂದು ಭಾಗ, ಶೇಷಶಿಲೆ ನಾಲ್ಕು ಭಾಗ; ಮುಂದೆ ಅದು ಒಂದಕ್ಕೆ ಮೂರು ಎಂದು ಪರಿಷ್ಕೃತವಾಯಿತು. ಇಂದು ಮಾನ್ಯವಾಗಿರುವ ಗಣನೆಯಲ್ಲಿ, ಕವಚ ಬೇರ್ಪಡುವ ಮುನ್ನಿನ ಮೂಲ ಮ್ಯಾಂಟಲಿನ ತೂಕದಲ್ಲಿ ಸಿಲಿಕ ಸುಮಾರು ಶೇಕಡಾ 45, ಮೆಗ್ನೀಸಿಯಂ ಆಕ್ಸೈಡ್ 38, ಕಬ್ಬಿಣದ ಆಕ್ಸೈಡ್ 8, ಅಲ್ಯುಮಿನ 4.5, ಕ್ಯಾಲ್ಸಿಯಂ ಆಕ್ಸೈಡ್ 3.5. ಸಾಗರಮಧ್ಯದ ಬಸಾಲ್ಟಿನಲ್ಲಾದರೋ ಸಿಲಿಕ ಸುಮಾರು 50, ಅಲ್ಯುಮಿನ 15, ಕ್ಯಾಲ್ಸಿಯಂ ಆಕ್ಸೈಡ್ 11, ಮೆಗ್ನೀಸಿಯಂ ಆಕ್ಸೈಡ್ ಕೇವಲ 8ರ ಸುತ್ತಮುತ್ತ. ಅಲ್ಯುಮಿನ, ಕ್ಯಾಲ್ಸಿಯಂಗಳು ಪಾಕವನ್ನು ಬಯಸುತ್ತವೆ, ಮೆಗ್ನೀಸಿಯಂ ಶೇಷವನ್ನು ಬಯಸುತ್ತದೆ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳು ಆಲಿವೀನಿನ ಜಾಲಕದಲ್ಲಿ ಹಿಡಿಸದ ಕಾರಣ ಬಹುತೇಕ ಪೂರ್ತಿಯಾಗಿ ಪಾಕದೊಡನೆ ಹೊರಟುಹೋಗುತ್ತವೆ.

‘ಹಾಗಾದರೆ ಗ್ರಾನೈಟ್ ಎಲ್ಲಿಂದ?’ ಮ್ಯಾಂಟಲ್ ನೇರವಾಗಿ ಗ್ರಾನೈಟನ್ನು ಹಡೆಯಲಾರದು. ಆಲಿವೀನಿನೊಡನೆ ಸಮತೋಲದಲ್ಲಿರುವ ದ್ರವದಲ್ಲಿ ಅಷ್ಟು ಸಿಲಿಕ ನಿಲ್ಲದು. ಪಾಕದ ಆಂಶಿಕ ಸ್ಫಟಿಕೀಕರಣದಿಂದ, ಅಥವಾ ಕವಚವೇ ಮತ್ತೆ ಕರಗುವುದರಿಂದ ಅದರ ಜನನ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 252 ಕೋಟಿ ವರ್ಷಗಳ ಹಿಂದಿನದು, ಮ್ಯಾಂಟಲಿನ ಪಾಕವೂ ಕರಗಿದ ಕವಚವೂ ಬೆರೆತ ಫಲ. ಮ್ಯಾಂಟಲಿನ ಮಟ್ಟಿಗೆ ಅದು ಪರಂಪರಾಕಾರ್ಯ, ಸಾಕ್ಷಾತ್ಕಾರ್ಯವಲ್ಲ.

‘ಮೂಲ ಒಂದೇ ಆದರೆ ಪಾಕದಲ್ಲಿ ಭೇದವೇಕೆ?’ ದ್ರವಣದ ಪರಿಮಾಣಭೇದದಿಂದ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸುಮಾರು 335 ಕೋಟಿ ವರ್ಷಗಳ ಹಿಂದಿನ ಕೊಮಾಟಿಯೈಟ್ ಇದೆ. ದಕ್ಷಿಣ ಆಫ್ರಿಕದ ಕೊಮಾಟಿ ನದಿಯಿಂದ ಹೆಸರು ಪಡೆದ ಈ ಲಾವಾದಲ್ಲಿ ಮೆಗ್ನೀಸಿಯಂ ಆಕ್ಸೈಡ್ ಶೇಕಡಾ 18ಕ್ಕೂ ಮಿಗಿಲು. ಪ್ರಾಚೀನ ಮ್ಯಾಂಟಲ್ ಹೆಚ್ಚು ಬಿಸಿಯಾಗಿದ್ದು ಹೆಚ್ಚಿನ ಅಂಶ ಕರಗಿದ್ದರಿಂದ ಪಾಕವು ಮೂಲಕ್ಕೆ ಅಷ್ಟು ಸಮೀಪ ಬಂದಿತು. ದ್ರವಣ ಹೆಚ್ಚಿದಂತೆ ಕಾರ್ಯವು ಕಾರಣವನ್ನು ಹೋಲತೊಡಗುತ್ತದೆ ಎಂಬ ಈ ಕ್ರಮವೇ ಸಿದ್ಧಾಂತಕ್ಕೆ ಪೋಷಕ.

ಮೂರನೆಯ ಪೂರ್ವಪಕ್ಷ: ನಿದರ್ಶನಗಳ ಅಪ್ರಾತಿನಿಧ್ಯ

‘ಜ್ವಾಲಾಮುಖಿ ಆಕಸ್ಮಿಕವಾಗಿ ಕಿತ್ತು ತಂದ ತುಣುಕುಗಳಿಂದ ಇಡೀ ಮ್ಯಾಂಟಲಿನ ನಿರ್ಣಯ ಸಲ್ಲದು.’ ತುಣುಕೊಂದೇ ಪ್ರಮಾಣವಾಗಿದ್ದರೆ ಈ ದೋಷ ಬರುತ್ತಿತ್ತು. ಆದರೆ ಪರಸ್ಪರ ನಿರಪೇಕ್ಷವಾದ ಸಾಕ್ಷ್ಯಗಳು ಒಂದೇ ಕಡೆಗೆ ಬೊಟ್ಟು ಮಾಡುತ್ತವೆ. ಓಮಾನ್, ಸೈಪ್ರಸ್, ಲಡಾಖಿನ ನಿಡಾರ್‌ಗಳಲ್ಲಿ ಭೂಫಲಕಗಳ ಘರ್ಷಣೆಯಿಂದ ನೆಲದ ಮೇಲೆ ಏರಿದ ಸಾಗರಫಲಕದ ಖಂಡಗಳ ತಳದಲ್ಲಿ ಪೆರಿಡೊಟೈಟೇ ಕಾಣುತ್ತದೆ. ಮಧ್ಯ ಅಟ್ಲಾಂಟಿಕಿನ ಅಟ್ಲಾಂಟಿಸ್ ಮ್ಯಾಸಿಫ್‌ನಲ್ಲಿ ಸ್ತರಭಂಗದಿಂದ ಮೇಲೆ ಬಂದ ಮ್ಯಾಂಟಲ್ ಶಿಲೆಯನ್ನು 2023ರಲ್ಲಿ 1,268 ಮೀಟರ್ ಆಳಕ್ಕೆ ಕೊರೆದಾಗಲೂ ಸಿಕ್ಕಿದ್ದು ಬಹುತೇಕ ಅದೇ, ನೀರಿನ ಸಂಪರ್ಕದಿಂದ ಸರ್ಪೆಂಟೈನ್ ಆಗಿ ಮಾರ್ಪಟ್ಟಿದ್ದರೂ.

ಆದರೂ ಪೆರಿಡೊಟೈಟ್ ಎಂಬುದು ಜಾತಿವಾಚಕವೆಂಬುದನ್ನು ನೆನಪಿಡಬೇಕು. ಸಾಗರದ್ವೀಪಗಳ ಬಸಾಲ್ಟುಗಳಲ್ಲಿನ ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಸೀಸಗಳ ಸಮಸ್ಥಾನಿಗಳು ಮ್ಯಾಂಟಲ್ ಏಕರೂಪವಲ್ಲವೆಂದು ಸಾರುತ್ತವೆ. ಜಾತಿಯ ಏಕತ್ವಕ್ಕೂ ವ್ಯಕ್ತಿಗಳ ನಾನಾತ್ವಕ್ಕೂ ವಿರೋಧವಿಲ್ಲ.

ನಾಲ್ಕನೆಯ ಪೂರ್ವಪಕ್ಷ: ಕೆಳಗಣ ಮ್ಯಾಂಟಲ್ ಭಿನ್ನದ್ರವ್ಯ

‘410 ಮತ್ತು 660 ಕಿ.ಮೀ. ಆಳಗಳಲ್ಲಿ ತರಂಗವೇಗ ಥಟ್ಟನೆ ಏರುತ್ತದೆ. ಆದ್ದರಿಂದ ಅಲ್ಲಿ ದ್ರವ್ಯವೇ ಬೇರೆ.’ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ: ಆಲಿವೀನ್ 410ರ ಬಳಿ ವ್ಯಾಡ್ಸ್ಲಿಯೈಟ್ ಆಗಿ, ಅದರ ಕೆಳಗೆ ರಿಂಗ್‌ವುಡೈಟ್ ಆಗಿ, 660ರ ಬಳಿ ಬ್ರಿಜ್‌ಮನೈಟ್ ಮತ್ತು ಫೆರೊಪೆರಿಕ್ಲೇಸ್ ಎಂಬ ಜೋಡಿಯಾಗಿ ರೂಪ ಬದಲಿಸುತ್ತದೆ. ರಸಾಯನ ಅದೇ, ಜೋಡಣೆ ಬೇರೆ. ಬ್ರೆಜಿಲಿನ ಜುಯಿನಾ ವಜ್ರವೊಂದರಲ್ಲಿ ಸಿಲುಕಿದ ರಿಂಗ್‌ವುಡೈಟ್ ಕಣದ ವರದಿ 2014ರಲ್ಲಿ ಬಂದಿತು. ಭೂಮಿಯಲ್ಲಿ ಅತ್ಯಧಿಕ ಪ್ರಮಾಣದಲ್ಲಿರುವ ಖನಿಜ ಬ್ರಿಜ್‌ಮನೈಟ್. ಅದೇ ವರ್ಷ ಅದಕ್ಕೆ ಹೆಸರು ದೊರೆತದ್ದು 1879ರಲ್ಲಿ ಆಸ್ಟ್ರೇಲಿಯದಲ್ಲಿ ಬಿದ್ದ ಟೆನ್‌ಹ್ಯಾಮ್ ಉಲ್ಕಾಶಿಲೆಯ ಪರೀಕ್ಷೆಯಿಂದ.

ಇಷ್ಟರಿಂದ ರೂಪಭೇದವು ಸೀಮೆಗಳಿಗೆ ಪರ್ಯಾಪ್ತ ಕಾರಣವೆಂದು ಸಿದ್ಧಿಸುತ್ತದೆ. ದ್ರವ್ಯಭೇದ ಇಲ್ಲವೇ ಇಲ್ಲವೆಂದು ಸಿದ್ಧಿಸದು. ಸೂರ್ಯನ ರಸಾಯನಕ್ಕೆ ಅತಿಸಮೀಪವಾದ ಉಲ್ಕಾಶಿಲೆಗಳಿಗೆ ಹೋಲಿಸಿದರೆ ಮೇಲಣ ಮ್ಯಾಂಟಲಿನಲ್ಲಿ ಮೆಗ್ನೀಸಿಯಂಗೆ ಪ್ರತಿಯಾಗಿ ಸಿಲಿಕಾನ್ ಕಡಿಮೆ. ಆ ಸಿಲಿಕಾನ್ ಕೇಂದ್ರಗೋಳದ ಲೋಹದಲ್ಲಿ ಸೇರಿದೆ ಎಂಬುದು ಒಂದು ಮತ, ಕೆಳಗಣ ಮ್ಯಾಂಟಲಿನಲ್ಲಿ ಹೆಚ್ಚಾಗಿದೆ ಎಂಬುದು ಮತ್ತೊಂದು, ಭೂಮಿ ಆ ಉಲ್ಕೆಗಳ ದ್ರವ್ಯದಿಂದ ಆದದ್ದೇ ಅಲ್ಲ ಎಂಬುದು ಮೂರನೆಯದು. ಕೆಳಗಿಳಿಯುವ ಫಲಕಗಳಲ್ಲಿ ಕೆಲವು 660ರ ಸೀಮೆಯನ್ನು ದಾಟಿ ಆಳಕ್ಕೆ ಹೋಗುವುದು ತರಂಗಚಿತ್ರಗಳಲ್ಲಿ ಕಂಡಿರುವುದರಿಂದ ಮೇಲು ಕೆಳಗುಗಳ ಪೂರ್ಣವಿಚ್ಛೇದವಂತೂ ನಿರಾಕೃತ.

ನಿರ್ಣಯ ಮತ್ತು ಪ್ರಯೋಜನ

ಆದ್ದರಿಂದ ಶಾಸ್ತ್ರವಾಕ್ಯಗಳಿಗೆ ಪ್ರಮಾಣಾನುಸಾರವಾದ ತಾರತಮ್ಯವಿದೆ. ಮೇಲಣ ಮ್ಯಾಂಟಲ್ ಪೆರಿಡೊಟೈಟ್ ಎಂಬುದು ಪ್ರತ್ಯಕ್ಷ ಮತ್ತು ಅನುಮಾನ ಎರಡರಿಂದಲೂ ದೃಢ. ಕೆಳಗಣ ಮ್ಯಾಂಟಲೂ ಸ್ಥೂಲವಾಗಿ ಅದೇ ರಸಾಯನದ್ದು ಎಂಬುದು ಅನುಮಾನದಿಂದ ಸಂಭಾವಿತ, ಆದರೆ ಪ್ರತಿಪಕ್ಷಸಹಿತ. ಬಸಾಲ್ಟ್ ಮ್ಯಾಂಟಲಿನ ಪ್ರತಿರೂಪವೆಂಬುದು ಬಾಧಿತ.

ಪ್ರಯೋಜನ ಎರಡು ವಿಧ. ಜ್ಞಾನದ ದೃಷ್ಟಿಯಿಂದ, ಯಾವ ಅಗ್ನಿಶಿಲೆಯನ್ನು ಕಂಡರೂ ಅದು ಪಾಕಜವೇ, ಸಂಚಿತವೇ, ಶೇಷವೇ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಮಾತ್ರ ಮೂಲದ ಊಹೆಗೆ ಕೈಹಾಕಬೇಕು. ಈ ಕ್ರಮ ವಿಪರ್ಯಸ್ತವಾದರೆ ಅಂಶವನ್ನೇ ಅಂಶಿಯೆಂದು ತಿಳಿಯುವ ದೋಷ ಅನಿವಾರ್ಯ. ವ್ಯವಹಾರದ ದೃಷ್ಟಿಯಿಂದ, ಪದರಗಟ್ಟಿದ ಕ್ರೋಮೈಟನ್ನು ಹುಡುಕುವವರು ಸಂಚಿತಶಿಲೆಯನ್ನೂ, ವಜ್ರವನ್ನು ಹುಡುಕುವವರು ಆಳದ ಖಂಡಗಳನ್ನು ಹೊತ್ತ ಕಿಂಬರ್ಲೈಟನ್ನೂ ಅರಸುವುದು ಇದೇ ವಿಭಾಗದ ಬಲದಿಂದ. ಗಣಿಗಾರನು ಪರೀಕ್ಷಿಸುವ ಗಾರ್ನೆಟ್ ಕಣವು ಪೆರಿಡೊಟೈಟಿನಿಂದ ಬಂದದ್ದೋ ಎಕ್ಲೊಗೈಟಿನಿಂದ ಬಂದದ್ದೋ ಎಂಬುದನ್ನು ಅದರ ಕ್ರೋಮಿಯಂ, ಕ್ಯಾಲ್ಸಿಯಂಗಳ ಪ್ರಮಾಣ ಹೇಳುತ್ತದೆ. ಆ ಉತ್ತರದ ಮೇಲೆಯೇ ಮುಂದಿನ ಅಗೆತದ ಸ್ಥಳ ನಿಶ್ಚಯವಾಗುತ್ತದೆ.